ಸಿಕ್ಕಾಗದ ಹಗ್ಗ: ಪ್ಯಾರಾಕಾರ್ಡ್ ಸ್ಪೂಲನ್ನು ಆರಿಸಿ, ಸುತ್ತಿ, ಬಳಸುವ ಕ್ರಮ

ಕತ್ತಲಾಗುವ ಹೊತ್ತಿಗೆ ಮಳೆ ಹಿಡಿದುಕೊಂಡಿದೆ, ಟಾರ್ಪಾಲಿನ್ನೂ ಕಟ್ಟಿಲ್ಲ, ಚೀಲದ ತಳದಿಂದ ಹೊರಗೆಳೆದ ಹಗ್ಗ ಮುದ್ದೆಯಾಗಿ ಕೈಗೆ ಬರುತ್ತದೆ. ಇಂಥ ಒಂದು ಸಂಜೆಯಲ್ಲಿ ನಾನು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹದಿನೈದು ಮೀಟರ್ ಹಗ್ಗದ ಸಿಕ್ಕು ಬಿಡಿಸುತ್ತ ನೆನೆದು ತೊಪ್ಪೆಯಾದ ಮೇಲೆಯೇ, ಹಗ್ಗ ಎಷ್ಟು ಗಟ್ಟಿ ಎಂಬುದಕ್ಕಿಂತ ಅದು ಬೇಕಾದಾಗ ನೇರವಾಗಿ ಬಿಚ್ಚಿಕೊಂಡು ಬರುತ್ತದೆಯೇ ಎಂಬುದು ಮುಖ್ಯವೆಂದು ಮನಗಂಡೆ. ಚಾರಣ, ಶಿಬಿರ, ದೂರದ ಪ್ರಯಾಣಗಳಲ್ಲಿ ಬಳಸುವ ಪ್ಯಾರಾಕಾರ್ಡ್ ಎಂಬ ತೆಳು ನೈಲಾನ್ ಹಗ್ಗವನ್ನು ಸುತ್ತಿಡಲೆಂದೇ ಈಗ ಅಂಗೈಯಲ್ಲಿ ಹಿಡಿಯಬಹುದಾದ ಸ್ಪೂಲ್ ಉಪಕರಣಗಳು ಸಿಗುತ್ತವೆ. ಹಗ್ಗ ಸುತ್ತುವ ಜಾಗದ ಜೊತೆಗೆ ಕತ್ತರಿಸುವ ಬ್ಲೇಡ್, ತುದಿ ಕರಗಿಸಲು ಲೈಟರ್ ಕೂರುವ ಗೂಡು, ಸೀಟಿ, ದಬ್ಬಣದಂಥ ಮೊನೆ, ಕೆಲವದರಲ್ಲಿ ಪುಟ್ಟ ದಿಕ್ಸೂಚಿ ಸಹ ಅದರಲ್ಲೇ ಅಡಗಿರುತ್ತವೆ. ಅಂಥ ಉಪಕರಣವೊಂದನ್ನು ನೋಡಿ ಆರಿಸುವುದರಿಂದ ಹಿಡಿದು, ಹಗ್ಗ ತುಂಬಿ, ಬಳಸಿ, ಒಣಗಿಸಿ ಎತ್ತಿಡುವವರೆಗಿನ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಹಗ್ಗವನ್ನು ಅರಿಯಿರಿ

ಉಪಕರಣ ಕೊಳ್ಳುವ ಮುನ್ನ ಅದರಲ್ಲಿ ತುಂಬುವ ಹಗ್ಗವೇನೆಂದು ತಿಳಿದಿರಬೇಕು. ಹೆಸರೇ ಹೇಳುವಂತೆ ಇದು ಪ್ಯಾರಾಶೂಟಿನ ಹಗ್ಗ. ಅಮೆರಿಕದ ರಸಾಯನಶಾಸ್ತ್ರಜ್ಞ ವ್ಯಾಲೇಸ್ ಕ್ಯಾರೋದರ್ಸ್ ಅವರ ತಂಡ 1935ರಲ್ಲಿ ನೈಲಾನನ್ನು ರೂಪಿಸಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಪ್ಯಾರಾಶೂಟುಗಳಲ್ಲಿ ರೇಷ್ಮೆಯ ಜಾಗವನ್ನು ಅದು ಹಿಡಿಯಿತು. ಇಳಿದ ಮೇಲೆ ಸೈನಿಕರು ಪ್ಯಾರಾಶೂಟಿನ ಹಗ್ಗವನ್ನು ಕತ್ತರಿಸಿಕೊಂಡು ಹತ್ತಾರು ಕೆಲಸಗಳಿಗೆ ಬಳಸಿದರು. ಫೆಬ್ರವರಿ 1997ರಲ್ಲಿ ಹಬಲ್ ದೂರದರ್ಶಕದ ದುರಸ್ತಿಗೆ ಹೋದ ಗಗನಯಾತ್ರಿಗಳು ಕೂಡ ಅದರ ಹರಿದ ಉಷ್ಣ ಹೊದಿಕೆಗಳಿಗೆ ತೇಪೆ ಕಟ್ಟಲು ಪ್ಯಾರಾಶೂಟ್ ಹಗ್ಗವನ್ನು ಬಳಸಿಕೊಂಡರು.

ಹೆಚ್ಚಾಗಿ ಮಾರಾಟವಾಗುವುದು ಅಮೆರಿಕದ ಸೈನ್ಯದ ವಿಂಗಡಣೆಯಲ್ಲಿ ಮೂರನೆಯ ವರ್ಗದ, ‘550’ ಎಂದು ಕರೆಯುವ ಬಗೆ. ಆ ಸಂಖ್ಯೆ ಪೌಂಡುಗಳಲ್ಲಿ ಹೇಳಿದ ಕನಿಷ್ಠ ತುಂಡಾಗುವ ಭಾರ. ನಮ್ಮ ಲೆಕ್ಕದಲ್ಲಿ ಸುಮಾರು 249 ಕಿಲೋಗ್ರಾಂ. ದಪ್ಪ ಹೆಚ್ಚುಕಡಿಮೆ 4 ಮಿಲಿಮೀಟರ್, ತೂಕ ಮೀಟರಿಗೆ 6ರಿಂದ 7 ಗ್ರಾಂ, ಎಂದರೆ 15 ಮೀಟರ್ ಹಗ್ಗ ನೂರು ಗ್ರಾಂ ಆಸುಪಾಸು. ಹೊರಗೆ ನುಣ್ಣಗೆ ಹೆಣೆದ ಕೊಳವೆಯಾಕಾರದ ಹೊದಿಕೆ, ಒಳಗೆ 7ರಿಂದ 9 ಬಿಡಿ ಎಳೆಗಳು. ಸೈನ್ಯದ ಮಾನದಂಡಕ್ಕೆ ತಯಾರಾದ ಹಗ್ಗದ ಪ್ರತಿ ಒಳಎಳೆಯೂ ಮೂರು ನೂಲುಗಳನ್ನು ಹೊಸೆದದ್ದು. ಸಾಮಾನ್ಯ ಮಾರುಕಟ್ಟೆಯದರಲ್ಲಿ ಬಹುಪಾಲು ಎರಡು ನೂಲುಗಳಿರುತ್ತವೆ. ಕೊಳ್ಳುವಾಗ ತುದಿಯೊಂದನ್ನು ಬಿಡಿಸಿ ನೋಡುವುದೇ ಒಳ್ಳೆಯ ಪರೀಕ್ಷೆ. ಹೊದಿಕೆಯೊಳಗೆ ಬಿಡಿ ಎಳೆಗಳ ಬದಲು ಹತ್ತಿಯಂತೆ ಕೆದರಿದ ಒಂದೇ ಕಟ್ಟು ಕಂಡರೆ, ಅದು ಅಲಂಕಾರದ ಹೆಣಿಗೆಗೆ ಸರಿಯೇ ಹೊರತು ಭಾರ ಹೊರುವುದಕ್ಕಲ್ಲ.

ನೈಲಾನ್ ಹಗ್ಗದ ಒಂದು ಗುಣವನ್ನು ಮರೆಯಬಾರದು. ಅದು ಹಿಗ್ಗುತ್ತದೆ. ತುಂಡಾಗುವ ಹೊತ್ತಿಗೆ ಈ ವರ್ಗದ ಹಗ್ಗ ತನ್ನ ಉದ್ದದ ಮೂವತ್ತು ಪ್ರತಿಶತಕ್ಕೂ ಮಿಕ್ಕಿ ಹಿಗ್ಗಿರುತ್ತದೆ. ಗಾಳಿಯ ಹೊಡೆತವನ್ನು ತಾಳಿಕೊಳ್ಳಲು ಈ ಗುಣ ನೆರವಾಗುತ್ತದೆ; ಆದರೆ ಬಟ್ಟೆ ಒಣಹಾಕಿದ ಹಗ್ಗ ಜೋತುಬೀಳುವುದೂ, ವಿಪರೀತ ಎಳೆದಾಗ ತುಂಡಾದ ಹಗ್ಗ ಚಾಟಿಯಂತೆ ಹಿಂದಕ್ಕೆ ಬಡಿಯುವುದೂ ಇದರಿಂದಲೇ. ಜೋತುಬೀಳಬಾರದ ಕೆಲಸವೇ ನಿಮಗೆ ಹೆಚ್ಚಾಗಿದ್ದರೆ ಪಾಲಿಯೆಸ್ಟರ್ ಹಗ್ಗ ಮೇಲು, ಅದು ಕಡಿಮೆ ಹಿಗ್ಗುತ್ತದೆ, ನೀರನ್ನೂ ಅಷ್ಟಾಗಿ ಹೀರುವುದಿಲ್ಲ. ನೀರಿನ ಮೇಲೆ ತೇಲಬೇಕಾದ ಹಗ್ಗ ಬೇಕಿದ್ದರೆ ಪಾಲಿಪ್ರೊಪಿಲೀನ್ ನೋಡಿ, ನೈಲಾನ್ ಮುಳುಗುತ್ತದೆ.

ಉಪಕರಣವನ್ನು ಆರಿಸುವಾಗ

ಅಂಗಡಿಯಲ್ಲಿ ಇಂಥ ಉಪಕರಣ ಹಿಡಿದವರ ಕಣ್ಣು ಮೊದಲು ಹೋಗುವುದು ಅದರಲ್ಲಿ ಎಷ್ಟು ಸಲಕರಣೆಗಳಿವೆ ಎಂಬುದರ ಕಡೆಗೆ. ನನ್ನ ಮಾತು ಕೇಳುವುದಾದರೆ ಆ ಎಣಿಕೆಯನ್ನು ಕೊನೆಗಿಟ್ಟುಕೊಳ್ಳಿ. ಮೊದಲು ಹಗ್ಗ ಕೂರುವ ಜಾಗವನ್ನು, ಎಂದರೆ ನಡುವಿನ ದಿಂಡು ಹಾಗೂ ಎರಡು ಪಕ್ಕದ ಅಂಚುಗಳನ್ನು ಪರೀಕ್ಷಿಸಿ. ದಿಂಡು ಬೆರಳಿನಷ್ಟು ಸಣ್ಣದಾಗಿದ್ದರೆ ಹಗ್ಗ ಬಿಗಿಯಾಗಿ ಬಾಗಿ, ಬಿಚ್ಚಿದ ಮೇಲೂ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡೇ ಇರುತ್ತದೆ. ದಿಂಡಿನ ಅಡ್ಡಳತೆ ಕನಿಷ್ಠ 3 ಸೆಂಟಿಮೀಟರ್ ಇದ್ದರೆ ವಾಸಿ. ಅಂಚುಗಳು ಸುತ್ತಿದ ಹಗ್ಗಕ್ಕಿಂತ ಅರ್ಧ ಸೆಂಟಿಮೀಟರಾದರೂ ಎತ್ತರವಾಗಿರಬೇಕು. ಇಲ್ಲದಿದ್ದರೆ ಮೇಲಿನ ಸುತ್ತುಗಳು ಚೀಲದಲ್ಲಿ ಜಾರಿ ಹೊರಬೀಳುತ್ತವೆ, ಸಿಕ್ಕಿನ ಆರಂಭ ಅಲ್ಲಿಂದಲೇ.

ಡಬ್ಬದ ಮೇಲೆ ಬರೆದ ಸಾಮರ್ಥ್ಯವನ್ನು ನೀವೇ ಲೆಕ್ಕ ಹಾಕಿ ತಾಳೆ ನೋಡಬಹುದು. 4 ಮಿಲಿಮೀಟರ್ ದಪ್ಪದ ಹಗ್ಗ ಸಾಲಾಗಿ ಕುಳಿತಾಗ ಪ್ರತಿ ಮೀಟರಿಗೆ ಸುಮಾರು 16 ಘನ ಸೆಂಟಿಮೀಟರ್ ಜಾಗ ತಿನ್ನುತ್ತದೆ. ದಿಂಡಿನ ಅಡ್ಡಳತೆ 4 ಸೆಂಟಿಮೀಟರ್, ಹಗ್ಗ ಸುತ್ತಿದ ಮೇಲಿನ ಅಡ್ಡಳತೆ 9 ಸೆಂಟಿಮೀಟರ್, ಅಗಲ 5 ಸೆಂಟಿಮೀಟರ್ ಇರುವ ದುಂಡು ಸ್ಪೂಲಿನಲ್ಲಿ ಸುಮಾರು 255 ಘನ ಸೆಂಟಿಮೀಟರ್ ಜಾಗವಿರುತ್ತದೆ, ಎಂದರೆ 15 ಮೀಟರ್ ಹಗ್ಗ ನೆಮ್ಮದಿಯಾಗಿ ಕೂರುತ್ತದೆ. ಅದೇ ಅಳತೆಯ ಸ್ಪೂಲಿಗೆ 30 ಮೀಟರ್ ಎಂದು ಬರೆದಿದ್ದರೆ ಅದು ಇನ್ನೂ ತೆಳುವಾದ ಹಗ್ಗದ ಲೆಕ್ಕವಾಗಿರಬೇಕು. ಒಬ್ಬರ ಚಾರಣಕ್ಕೆ 15 ಮೀಟರ್ ಸಾಕು. ಟಾರ್ಪಾಲು ಕಟ್ಟುವವರು 30 ಮೀಟರನ್ನು ಎರಡು ಸ್ಪೂಲುಗಳಲ್ಲಿ ಹಂಚಿಕೊಂಡು ಒಯ್ಯುವುದು ಒಂದೇ ದೊಡ್ಡ ಸ್ಪೂಲಿಗಿಂತ ಅನುಕೂಲ.

ಬಳಿಕ ಹಗ್ಗದ ತುದಿಯನ್ನು ಕಚ್ಚಿ ಹಿಡಿಯುವ ಸೀಳುಗಳನ್ನು ನೋಡಿ. ಒಳತುದಿಯನ್ನು ಸಿಕ್ಕಿಸಲು ದಿಂಡಿನಲ್ಲೊಂದು ತೂತು, ಹೊರತುದಿಯನ್ನು ಬಿಗಿಯಲು ಅಂಚಿನಲ್ಲಿ ಕನಿಷ್ಠ ಎರಡು ಸೀಳುಗಳು ಇರಲೇಬೇಕು. ಸೀಳು ಒಳಹೋದಂತೆ ಕಿರಿದಾಗುವ ಆಕಾರದ್ದಾದರೆ, ಹಗ್ಗವನ್ನು ಒತ್ತಿದ ಕೂಡಲೇ ಹಿಡಿದುಕೊಳ್ಳುತ್ತದೆ. ಅದರ ಅಂಚಿನಲ್ಲಿ ಅಚ್ಚಿನ ಚೂಪು ಉಳಿದಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ಉಳಿದಿದ್ದರೆ ಸಣ್ಣ ಮರಳುಕಾಗದದಿಂದ ಉಜ್ಜಿ ತೆಗೆಯದ ಹೊರತು ಅದು ಪ್ರತಿ ಸಲವೂ ಹಗ್ಗದ ಹೊದಿಕೆಯನ್ನು ಕೆರೆಯುತ್ತಿರುತ್ತದೆ.

ಬ್ಲೇಡ್ ಬೆರಳು ತಾಗದಷ್ಟು ಆಳದಲ್ಲಿ ಅಡಗಿರಬೇಕು, ಬದಲಾಯಿಸುವಂತೆಯೂ ಇರಬೇಕು. ನೈಲಾನ್ ಬ್ಲೇಡನ್ನು ಬೇಗ ಮೊಂಡಾಗಿಸುತ್ತದೆ, ಕೂರಿಸಿ ಅಂಟಿಸಿಬಿಟ್ಟ ಬ್ಲೇಡ್ ಮೊಂಡಾದ ದಿನ ಉಪಕರಣದ ಅರ್ಧ ಉಪಯೋಗವೇ ಹೋದಂತೆ. ಲೈಟರ್ ಗೂಡಿನ ಅಳತೆ ಸುಲಭವಾಗಿ ಸಿಗುವ ಲೈಟರಿಗೆ ಹೊಂದುತ್ತದೆಯೇ, ಲೈಟರಿನ ಗುಂಡಿ ಅಕಸ್ಮಾತ್ತಾಗಿ ಒತ್ತಿಹೋಗದಂತೆ ಮರೆಯಿದೆಯೇ ಎಂದು ನೋಡಿಕೊಳ್ಳಿ. ಲೈಟರಿನ ಬದಲು, ಉಜ್ಜಿದರೆ ಕಿಡಿ ಹಾರಿಸುವ ಕಿಡಿಕಡ್ಡಿ ಮಾತ್ರ ಇರುವ ಉಪಕರಣಗಳೂ ಇವೆ. ಅದು ಬೆಂಕಿ ಹೊತ್ತಿಸಲು ಆಗುತ್ತದೆ, ಹಗ್ಗದ ತುದಿ ಕರಗಿಸಲು ಆಗದು, ಅದಕ್ಕೆ ನಿಂತ ಜ್ವಾಲೆ ಬೇಕು. ದಿಕ್ಸೂಚಿಯ ವಿಷಯದಲ್ಲಿ ನನಗೆ ನಂಬಿಕೆ ಕಡಿಮೆ. ಉಕ್ಕಿನ ಬ್ಲೇಡಿನ ಪಕ್ಕದಲ್ಲೇ ಕುಳಿತ ಕಾಂತಸೂಜಿ ಸರಿಯಾಗಿ ಉತ್ತರಕ್ಕೆ ತಿರುಗುವುದೆಂದು ಹೇಳಲಾಗದು. ದಾರಿ ಹುಡುಕಲು ಬೇರೆಯೇ ದಿಕ್ಸೂಚಿ ಒಯ್ಯಿರಿ. ಸೀಟಿ ಮಾತ್ರ ಇರಲಿ. ಮೂರು ಸಲ ಜೋರಾಗಿ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ ಊದುವುದು ಅಪಾಯದಲ್ಲಿರುವವರ ಕರೆಯೆಂದು ಎಷ್ಟೋ ಕಡೆ ಗುರುತಿಸಲಾಗುತ್ತದೆ.

ಸುತ್ತುವ ಮೊದಲು

ಹೊಸ ನೈಲಾನ್ ಹಗ್ಗ ಮೊದಲ ಸಲ ನೆನೆದಾಗ ಕುಗ್ಗುತ್ತದೆ. ಸ್ಪೂಲಿಗೆ ಸುತ್ತಿದ ಮೇಲೆ ಕುಗ್ಗಿದರೆ ಒಳಗಿನ ಸುತ್ತುಗಳು ಕಲ್ಲಿನಂತೆ ಬಿಗಿದುಕೊಂಡು ತೆಳು ಪ್ಲಾಸ್ಟಿಕ್ಕಿನ ದಿಂಡನ್ನು ಅದುಮಬಲ್ಲವು. ಆದ್ದರಿಂದ ಹಗ್ಗವನ್ನು ಸಡಿಲವಾದ ಸುರುಳಿ ಮಾಡಿ, ಕೈಗೆ ಬಿಸಿ ಎನಿಸುವ, ಆದರೆ ಕುದಿಯದ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಉದ್ದ ಅಳೆಯಿರಿ. ಇದನ್ನು ಮಾಡದೆ ಅಳೆದು ತುಂಡರಿಸಿದ ಹಗ್ಗ ಮೊದಲ ಮಳೆಯ ಬಳಿಕ ಗಿಡ್ಡವಾಗಿರುತ್ತದೆ.

ಒಣಗಿದ ಹಗ್ಗವನ್ನು ಇಡೀ ಉದ್ದಕ್ಕೆ ಬೆರಳುಗಳ ನಡುವೆ ಒಂದು ಸಲ ಜಾರಿಸಿ. ಒಳಎಳೆ ತುಂಡಾಗಿರುವ ಕಡೆ ಟೊಳ್ಳು ತಗ್ಗು, ಒತ್ತಿಹೋದ ಕಡೆ ಗಂಟು ಕೈಗೆ ಸಿಗುತ್ತವೆ. ಕಣ್ಣಿಗೆ ಕಾಣದ ದೋಷ ಬೆರಳಿಗೆ ಬೇಗ ಗೊತ್ತಾಗುತ್ತದೆ. ಅಂಥ ಜಾಗವನ್ನು ಕತ್ತರಿಸಿ ಬೇರೆ ಮಾಡಿ.

ಹುರಿಯ ಲೆಕ್ಕ

ಸಿಕ್ಕಿಗೆ ಕಾರಣ ಹಗ್ಗದ ದುರ್ಗುಣವಲ್ಲ, ಅದರೊಳಗೆ ನಾವೇ ಏರಿಸಿದ ಹುರಿ. ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

ಸ್ಪೂಲಿಗೆ ಹಗ್ಗ ಹಾಕುವ ರೀತಿ ಎರಡು. ಹಗ್ಗವನ್ನು ಒಂದೇ ಕಡೆ ಹಿಡಿದು ಸ್ಪೂಲನ್ನು ತಿರುಗಿಸುತ್ತ ಹೋಗುವುದು ಮೊದಲನೆಯದು. ಸ್ಪೂಲನ್ನು ಅಲುಗಾಡದಂತೆ ಹಿಡಿದು ಹಗ್ಗ ಹಿಡಿದ ಕೈಯನ್ನೇ ಅದರ ಸುತ್ತ ಆಡಿಸುವುದು ಎರಡನೆಯದು. ಮೊದಲ ರೀತಿಯಲ್ಲಿ ಹಗ್ಗಕ್ಕೆ ಹುರಿ ಏರುವುದಿಲ್ಲ. ಎರಡನೆಯದರಲ್ಲಿ ಪ್ರತಿ ಸುತ್ತಿಗೂ ಒಂದು ತಿರುವು ಏರುತ್ತದೆ. ಬಿಚ್ಚುವಾಗಲೂ ಹೀಗೆಯೇ: ಸ್ಪೂಲ್ ಉರುಳುತ್ತ ಹಗ್ಗ ಪಕ್ಕದಿಂದ ಬಂದರೆ ಹುರಿಯಿಲ್ಲ, ನಿಂತ ಸ್ಪೂಲಿನ ಅಂಚಿನ ಮೇಲಿಂದ ಎಳೆದರೆ ಸುತ್ತಿಗೊಂದು ತಿರುವು. ಮೇಲೆ ಹೇಳಿದ ಅಳತೆಯ ಸ್ಪೂಲಿನಲ್ಲಿ ಒಂದು ಸುತ್ತು ಸರಾಸರಿ 20 ಸೆಂಟಿಮೀಟರ್ ಆಗುವುದರಿಂದ 15 ಮೀಟರ್ ಹಗ್ಗದಲ್ಲಿ ಎಪ್ಪತ್ತಕ್ಕೂ ಹೆಚ್ಚು ಸುತ್ತುಗಳಿರುತ್ತವೆ. ತಿರುಗಿಸಿ ಸುತ್ತಿದ್ದನ್ನು ಅಂಚಿನ ಮೇಲಿಂದ ಎಳೆದು ತೆಗೆದವರು ಎಪ್ಪತ್ತು ತಿರುವುಗಳನ್ನು ಹಗ್ಗದೊಳಕ್ಕೆ ತುಂಬಿರುತ್ತಾರೆ. ಹಗ್ಗ ಸಡಿಲವಾದ ಕೂಡಲೇ ಆ ತಿರುವುಗಳು ತಮ್ಮ ಮೇಲೆ ತಾವೇ ಮಡಚಿ ಕುಣಿಕೆಗಳಾಗುತ್ತವೆ. ಹಾಗಾಗಿ ನಿಯಮ ಒಂದೇ: ಸುತ್ತಿದ ರೀತಿಯಲ್ಲೇ ಬಿಚ್ಚಬೇಕು. ತಿರುಗಿಸಿ ಸುತ್ತಿದ್ದರೆ ತಿರುಗಿಸಿಯೇ ಬಿಚ್ಚಿ; ನಡುತೂತಿನಲ್ಲಿ ಒಂದು ಕಡ್ಡಿಯನ್ನೋ ಪೆನ್ನನ್ನೋ ತೂರಿಸಿ ಹಿಡಿದರೆ ಸ್ಪೂಲ್ ಸಲೀಸಾಗಿ ಉರುಳುತ್ತದೆ.

ಚಪ್ಪಟೆಯಾದ, ಎರಡು ಕಡೆ ಕವಲಿರುವ ಉಪಕರಣಗಳಿಗೆ ಇನ್ನೊಂದು ಉಪಾಯವಿದೆ. ಹಗ್ಗವನ್ನು ಒಂದು ಕವಲಿನಿಂದ ಇನ್ನೊಂದಕ್ಕೆ ಓರೆಯಾಗಿ ದಾಟಿಸುತ್ತ, ಇಂಗ್ಲಿಷಿನ ಎಂಟರ ಅಂಕಿಯ ಆಕಾರದಲ್ಲಿ ಸುತ್ತುವುದು. ಎಂಟರ ಒಂದು ಕಣ್ಣಿನಲ್ಲಿ ಏರಿದ ತಿರುವು ಇನ್ನೊಂದು ಕಣ್ಣಿನಲ್ಲಿ ಎದುರು ದಿಕ್ಕಿಗೆ ಇಳಿದುಹೋಗುವುದರಿಂದ ಹಗ್ಗದಲ್ಲಿ ಹುರಿ ಉಳಿಯುವುದಿಲ್ಲ, ಹೇಗೆ ಎಳೆದರೂ ಸಿಕ್ಕಾಗದೆ ಬರುತ್ತದೆ. ನಡುವೆ ಹಾಯ್ದ ಜಾಗ ದಪ್ಪಗಾಗುವುದರಿಂದ ಹಿಡಿಸುವ ಉದ್ದ ಕಡಿಮೆಯಾಗುತ್ತದೆ, ನಿಜ. ಆದರೂ ಕತ್ತಲಲ್ಲಿ, ಕೈಗವಸು ಹಾಕಿಕೊಂಡು ಬಿಚ್ಚಬೇಕಾದ ಹಗ್ಗವಿದ್ದರೆ ನಾನು ಸುತ್ತುವುದು ಹೀಗೆಯೇ.

ಈಗ ಸುತ್ತುವ ಕೆಲಸ. ಒಳತುದಿಯನ್ನು ದಿಂಡಿನ ತೂತಿನೊಳಗೆ ತೂರಿಸಿ, ತುದಿಯಲ್ಲೊಂದು ಗಂಟು ಹಾಕಿ. ಹಗ್ಗದ ಉಳಿದ ಭಾಗವನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಇನ್ನೊಂದು ತುದಿಯನ್ನು ಕಟ್ಟದೆ ಬಿಡಿ. ಹಿಂದಿನಿಂದ ಉಳಿದ ತಿರುವುಗಳೇನಿದ್ದರೂ ಆ ಬಿಡಿ ತುದಿಯಿಂದ ಉರುಳಿ ಹೊರಹೋಗುತ್ತವೆ. ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಗ್ಗವನ್ನು ಹದವಾಗಿ ಅದುಮಿ ಹಿಡಿದು, ಬಲಗೈಯಿಂದ ಸ್ಪೂಲನ್ನು ತಿರುಗಿಸುತ್ತ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸುತ್ತಿನ ಪಕ್ಕಕ್ಕೆ ಸುತ್ತನ್ನು ಕೂರಿಸುತ್ತ ಹೋಗಿ. ಬಿಗಿ ಎಷ್ಟಿರಬೇಕೆಂದರೆ, ಸುತ್ತಿದ ಪದರದ ಮೇಲೆ ಹೆಬ್ಬೆರಳು ಒತ್ತಿದರೆ ಸುತ್ತುಗಳು ಪಕ್ಕಕ್ಕೆ ಸರಿಯಬಾರದು, ಆದರೆ ಉಗುರಿನಿಂದ ಒಂದು ಸುತ್ತನ್ನು ಮೀಟಿ ಎತ್ತಲು ಬರಬೇಕು. ಸಡಿಲವಾಗಿ ಸುತ್ತಿದರೆ ಮೇಲಿನ ಸುತ್ತು ಕೆಳಗಿನ ಪದರದೊಳಗೆ ಹೂತುಕೊಂಡು, ಎಳೆಯುವಾಗ ತಡೆದು ನಿಲ್ಲುತ್ತದೆ. ಅತಿ ಬಿಗಿದರೆ ನೈಲಾನಿನ ಎಳೆತವೆಲ್ಲ ದಿಂಡಿನ ಮೇಲೆ ಕೂರುತ್ತದೆ. ಕೊನೆಯ 20 ಸೆಂಟಿಮೀಟರ್ ಉಳಿದಾಗ ಹಗ್ಗವನ್ನು ಅಂಚಿನ ಒಂದು ಸೀಳಿನಲ್ಲಿ ಸಿಕ್ಕಿಸಿ, ಎದುರಿನ ಸೀಳಿಗೆ ದಾಟಿಸಿ ಮತ್ತೊಮ್ಮೆ ಸಿಕ್ಕಿಸಿ, ಬೆರಳಿನಷ್ಟು ಬಾಲವನ್ನು ಹೊರಗೆ ಬಿಡಿ. ಆ ಬಾಲಕ್ಕೊಂದು ಗಂಟಿರಲಿ, ಕತ್ತಲೆಯಲ್ಲಿ ತಡಕಿದರೆ ಅದೇ ಗುರುತು.

ಕತ್ತರಿಸುವುದು ಮತ್ತು ತುದಿ ಕರಗಿಸುವುದು

ಕತ್ತರಿಸುವ ಮುನ್ನ ಒಂದು ಕ್ಷಣ ಯೋಚಿಸಿ: ನಿಜಕ್ಕೂ ಕತ್ತರಿಸಬೇಕೇ? ಮೂರು ಮೀಟರ್ ಸಾಕಾಗುವ ಕೆಲಸಕ್ಕೆ ಅಷ್ಟನ್ನೇ ಬಿಚ್ಚಿ, ಹಗ್ಗವನ್ನು ಸೀಳಿನಲ್ಲಿ ಬಿಗಿದು, ಉಳಿದದ್ದನ್ನು ಸ್ಪೂಲಿನ ಸಮೇತ ತೂಗುಬಿಡಬಹುದು. ಇಡಿಯಾದ ಹಗ್ಗವನ್ನು ಎಂದಾದರೂ ತುಂಡು ಮಾಡಬಹುದು, ತುಂಡುಗಳನ್ನು ಇಡಿಯಾಗಿಸಲು ಗಂಟು ಹಾಕಬೇಕು, ಗಂಟು ಬಿದ್ದ ಹಗ್ಗಕ್ಕೆ ಮೊದಲಿನ ಶಕ್ತಿಯಿರುವುದಿಲ್ಲ.

ಕತ್ತರಿಸಲೇಬೇಕಾದಾಗ ಹಗ್ಗವನ್ನು ಬ್ಲೇಡಿನ ಸೀಳಿಗೆ ಹಾಕಿ, ಎರಡೂ ಕಡೆ ಎಳೆದು ಹಿಡಿದು, ಬ್ಲೇಡಿನ ಉದ್ದಕ್ಕೆ ಓರೆಯಾಗಿ ಜಾರಿಸಿ ಎಳೆಯಿರಿ. ಒತ್ತಿ ಅದುಮಿದರೆ ಹೊದಿಕೆ ಒಂದು ಕಡೆ, ಒಳಎಳೆಗಳು ಇನ್ನೊಂದು ಕಡೆ ಕೆದರಿಕೊಳ್ಳುತ್ತವೆ. ಎಳೆತ ಯಾವಾಗಲೂ ಮೈಯಿಂದ ಆಚೆಗಿರಲಿ. ಕತ್ತರಿಸುವ ಜಾಗಕ್ಕೆ ಮೊದಲೇ ಒಂದು ಸುತ್ತು ಟೇಪ್ ಅಂಟಿಸಿಕೊಂಡರೆ ತುದಿ ಅಚ್ಚುಕಟ್ಟಾಗಿ ಬರುತ್ತದೆ.

ಕತ್ತರಿಸಿದ ನೈಲಾನಿನ ತುದಿಯನ್ನು ಹಾಗೆಯೇ ಬಿಟ್ಟರೆ ಹೊದಿಕೆ ಹಿಂಜಿಕೊಂಡು ಒಳಎಳೆಗಳು ಹೊರಬರುತ್ತವೆ. ಕರಗಿಸಿ ಮುಚ್ಚುವ ಕ್ರಮ ಹೀಗಿದೆ: ಹೊದಿಕೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಒಳಎಳೆಗಳನ್ನು ಅರ್ಧ ಸೆಂಟಿಮೀಟರಿನಷ್ಟು ಕತ್ತರಿಸಿ ತೆಗೆದು, ಹೊದಿಕೆಯನ್ನು ಮತ್ತೆ ಮುಂದಕ್ಕೆಳೆಯಿರಿ. ಈಗ ತುದಿಯಲ್ಲಿ ಬರೀ ಹೊದಿಕೆಯಿರುತ್ತದೆ. ಅದನ್ನು ಲೈಟರಿನ ಜ್ವಾಲೆಯ ಬುಡದ ನೀಲಿ ಭಾಗದ ಪಕ್ಕಕ್ಕೆ ಹಿಡಿದು ನಿಧಾನವಾಗಿ ತಿರುಗಿಸಿ. ಮೇಲಿನ ಹಳದಿ ಭಾಗಕ್ಕೆ ಹಿಡಿದರೆ ಮಸಿ ಹತ್ತಿ ಕಪ್ಪಾಗುತ್ತದೆ. ತುದಿ ಹೊಳೆಯತೊಡಗಿ ಒಳಮುಖವಾಗಿ ಮುದುಡಿದಾಗ ಜ್ವಾಲೆಯಿಂದ ತೆಗೆದು, ಉಪಕರಣದ ಲೋಹದ ಭಾಗಕ್ಕೋ ಒದ್ದೆಯಾದ ಕಲ್ಲಿಗೋ ಒತ್ತಿ ಹೊರಳಿಸಿ ದುಂಡಗೆ ಮಾಡಿ. ಬೆರಳಿನಿಂದ ಖಂಡಿತ ಒತ್ತಬೇಡಿ. ನೈಲಾನ್ ಕರಗುವುದೇ 220 ಡಿಗ್ರಿ ಸೆಲ್ಸಿಯಸ್‌ನ ಮೇಲೆ, ಕೆಲವು ಬಗೆಗಳು 260ರ ಸುಮಾರಿಗೆ. ಕರಗಿದ ಹನಿ ಚರ್ಮಕ್ಕೆ ಅಂಟಿಕೊಂಡು ಆರುವವರೆಗೂ ಸುಡುತ್ತಲೇ ಇರುತ್ತದೆ, ಒರೆಸಿದರೆ ಚರ್ಮವೂ ಜೊತೆಗೆ ಬರಬಹುದು. ಹಾಗೇನಾದರೂ ಆದರೆ ಕೀಳಲು ಹೋಗದೆ ಕೂಡಲೇ ತಣ್ಣೀರು ಹಾಯಿಸುತ್ತಿರಬೇಕು. ಡೇರೆಯ ಒಳಗೆ ಅಥವಾ ಅದರ ಬಟ್ಟೆಯ ಹತ್ತಿರ ಈ ಕೆಲಸ ಮಾಡಬೇಡಿ. ಡೇರೆಯ ಬಟ್ಟೆಯೂ ಸಾಮಾನ್ಯವಾಗಿ ನೈಲಾನ್ ಇಲ್ಲವೇ ಪಾಲಿಯೆಸ್ಟರ್.

ಚಳಿಯಲ್ಲಿ ಲೈಟರ್ ಕೈಕೊಡುವುದುಂಟು. ಅದರೊಳಗಿನ ಬ್ಯೂಟೇನ್ ಕುದಿಯುವ ಬಿಂದು ಮೈನಸ್ 0.5 ಡಿಗ್ರಿ ಸೆಲ್ಸಿಯಸ್. ಹವೆ ಅದರ ಹತ್ತಿರಕ್ಕೆ ಇಳಿದಾಗ ಅನಿಲವಾಗಿ ಹೊರಬರುವ ಒತ್ತಡವೇ ಉಳಿಯುವುದಿಲ್ಲ. ಉಪಕರಣದಿಂದ ಲೈಟರನ್ನು ಕಳಚಿ ಅಂಗಿಯ ಒಳಜೇಬಿನಲ್ಲಿ ಕೆಲವು ನಿಮಿಷ ಇಟ್ಟುಕೊಂಡರೆ ಮತ್ತೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾಗಿ, ಲೈಟರ್ ಕೂರಿಸಿದ ಉಪಕರಣವನ್ನು ಬಿಸಿಲಲ್ಲಿ ನಿಂತ ವಾಹನದೊಳಗೆ ಬಿಡಬಾರದು. 50 ಡಿಗ್ರಿ ಮೀರಿದ ಶಾಖಕ್ಕೆ ಒಡ್ಡಬೇಡಿ ಎಂಬ ಎಚ್ಚರಿಕೆ ಲೈಟರಿನ ಮೇಲೆಯೇ ಮುದ್ರಿತವಾಗಿರುತ್ತದೆ.

ಕೆಲಸಕ್ಕೆ ಹಚ್ಚುವುದು

ಟಾರ್ಪಾಲನ್ನು ಹೊರಲು ಎರಡು ಮರಗಳ ನಡುವೆ ಬಿಗಿಯುವ ನಡುಹಗ್ಗ ಕಟ್ಟುವ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ, ಸ್ಪೂಲಿನ ಬಹುಪಾಲು ಉಪಯೋಗಗಳು ಇದರಲ್ಲೇ ಬರುತ್ತವೆ. ಹೊರತುದಿಯನ್ನು ಮೊದಲ ಮರಕ್ಕೆ ಬೋಲೈನ್ ಗಂಟಿನಿಂದ ಕಟ್ಟಿ. ಅದರ ಕುಣಿಕೆ ಭಾರ ಬಿದ್ದಾಗ ಕಿರಿದಾಗುವುದಿಲ್ಲ, ಭಾರ ಇಳಿದ ಮೇಲೆ ಬಿಚ್ಚಲು ತೊಡಕಾಗುವುದೂ ಇಲ್ಲ. ಸ್ಪೂಲಿನ ನಡುತೂತಿಗೆ ಕಡ್ಡಿ ತೂರಿಸಿ, ಅದು ಉರುಳುವಂತೆ ಹಿಡಿದುಕೊಂಡು ಎರಡನೆಯ ಮರದತ್ತ ನಡೆಯಿರಿ. ಹಗ್ಗ ತಾನಾಗಿ ಹಿಂದೆ ಬಿಚ್ಚಿಕೊಳ್ಳುತ್ತದೆ, ನೆಲದ ಮೇಲೆ ರಾಶಿ ಬೀಳುವುದಿಲ್ಲ.

ಎರಡನೆಯ ಮರ ಇನ್ನೊಂದು ಮೀಟರ್ ಇರುವಾಗ ಹಗ್ಗದಲ್ಲಿ ಒಂದು ಜೀರುಕುಣಿಕೆ ಮಾಡಿ. ಇಲ್ಲಿ ಒಂದು ಸೂಕ್ಷ್ಮವಿದೆ: ಕುಣಿಕೆಯಾಗಿ ಮೇಲೆಳೆಯುವ ಹಗ್ಗ ಸ್ಪೂಲಿನ ಕಡೆಯದಾಗಿರಬೇಕು. ಮೊದಲ ಮರದ ಕಡೆಯ ಹಗ್ಗವನ್ನು ಎಳೆದು ಮಾಡಿದ ಕುಣಿಕೆ ಬಿಗಿ ಬೀಳುತ್ತಿದ್ದಂತೆ ಕುಗ್ಗಿ ಮಾಯವಾಗುತ್ತದೆ. ಇನ್ನು ಹಗ್ಗವನ್ನು ಎರಡನೆಯ ಮರದ ಸುತ್ತ ಹಾಯಿಸಿ, ಸ್ಪೂಲನ್ನೇ ಆ ಕುಣಿಕೆಯೊಳಗಿಂದ ತೂರಿಸಿ ಮರದ ಕಡೆಗೆ ಹಿಂದಕ್ಕೆ ಎಳೆಯಿರಿ. ಸ್ಪೂಲ್ ತೂರದಷ್ಟು ಕುಣಿಕೆ ಚಿಕ್ಕದಾಗಿದ್ದರೆ ಹಗ್ಗವನ್ನು ಮಡಿಚಿ, ಆ ಮಡಿಕೆಯನ್ನು ತೂರಿಸಿದರೂ ನಡೆಯುತ್ತದೆ. ಚಾಲಕರು ಲಾರಿಯ ಸರಕು ಬಿಗಿಯಲು ಬಳಸುವ ಇದಕ್ಕೆ ಟ್ರಕ್ಕರ್ಸ್ ಹಿಚ್ ಎಂಬ ಹೆಸರಿದೆ. ರಾಟೆಯ ತತ್ತ್ವದಂತೆ ಲೆಕ್ಕದಲ್ಲಿ ಕೈಯ ಬಲ ಮೂರು ಪಟ್ಟಾಗಬೇಕು, ಹಗ್ಗ ಹಗ್ಗಕ್ಕೆ ಉಜ್ಜುವುದರಿಂದ ಕೈಗೆ ದಕ್ಕುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಬೇಕಾದಷ್ಟು ಬಿಗಿದ ಮೇಲೆ ಕುಣಿಕೆಯ ಹತ್ತಿರ ಹಗ್ಗವನ್ನು ಚಿವುಟಿ ಹಿಡಿದು ಎರಡು ಅರ್ಧಗಂಟು ಹಾಕಿ. ಕೊನೆಯದನ್ನು ಎಳೆದರೆ ಬಿಚ್ಚುವಂತೆ ಹಾಕಿದರೆ ಬೆಳಗ್ಗೆ ತೇವದ ಹಗ್ಗದೊಡನೆ ಗುದ್ದಾಡಬೇಕಿಲ್ಲ. ಉಳಿದ ಹಗ್ಗವನ್ನು ಸೀಳಿನಲ್ಲಿ ಬಿಗಿದು ಸ್ಪೂಲನ್ನು ಮರಕ್ಕೆ ಒರಗಿದಂತೆ ತೂಗುಬಿಡಿ.

ಬಿಗಿಯುವಾಗ ತೆಳು ಹಗ್ಗ ಅಂಗೈಯನ್ನು ಕೊಯ್ಯುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಂಡು ಎಳೆಯುವ ಅಭ್ಯಾಸ ಅಪಾಯದ್ದು, ಆಚೆಯ ತುದಿಯಲ್ಲಿ ಏನಾದರೂ ಜಾರಿದರೆ ಕೈ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಸ್ಪೂಲ್ ಹಿಡಿಕೆಯಾಗಿ ನೆರವಿಗೆ ಬರುತ್ತದೆ: ಹಗ್ಗವನ್ನು ಅದರ ಸೀಳಿನಲ್ಲಿ ಬಿಗಿದು, ದಿಂಡಿಗೆ ಎರಡು ಸುತ್ತು ಹಾಕಿ, ಇಡೀ ಉಪಕರಣವನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಬಹುದು. ತಯಾರಕರು ಇದಕ್ಕೆ ಆಗುವಂತೆ ಮಾಡಿದ್ದಾರೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಟೊಳ್ಳು ಪ್ಲಾಸ್ಟಿಕ್ಕಿನವು ಮುರಿಯುತ್ತವೆ. ದಬ್ಬಣದಂಥ ಮೊನೆಯ ಉಪಯೋಗ ಬಿಗಿದುಹೋದ ಗಂಟನ್ನು ಮೀಟಿ ಸಡಿಲಿಸುವುದು. ಬ್ಲೇಡಿನ ಮೊನೆಯಿಂದ ಗಂಟು ಮೀಟಿದರೆ ಗಂಟಿಗಿಂತ ಮೊದಲು ಹಗ್ಗವೇ ಹೋಗುತ್ತದೆ.

ತೆಳುವಾದ ದಾರ ಬೇಕಾದಾಗ, ಹರಿದ ಚೀಲ ಹೊಲಿಯಲೋ ಕಳಚಿದ ಗುಂಡಿ ಕೂರಿಸಲೋ, ಹಗ್ಗದ ಒಂದು ತುಂಡಿನ ಒಳಎಳೆಗಳನ್ನು ಎಳೆದು ತೆಗೆಯಬಹುದು. ಬರಿದಾದ ಹೊದಿಕೆ ಬೂಟಿನ ಲೇಸಿಗೆ ಆಗುತ್ತದೆ. ಆದರೆ ಒಳಎಳೆ ತೆಗೆದ ಹೊದಿಕೆಯನ್ನು ಮತ್ತೆ ಸ್ಪೂಲಿಗೆ ಸುತ್ತಿಡಬೇಡಿ. ನೋಡಲು ಮೊದಲಿನಂತೆಯೇ ಕಾಣುವ ಅದನ್ನು ಮುಂದೊಂದು ದಿನ ಗಟ್ಟಿ ಹಗ್ಗವೆಂದು ನಂಬಿ ಕಟ್ಟುವ ಅಪಾಯವಿದೆ.

ಮಾಡಬಾರದ್ದು

249 ಕಿಲೋಗ್ರಾಂ ಎಂಬ ಸಂಖ್ಯೆ ಹೊಸ, ಒಣಗಿದ, ಗಂಟಿಲ್ಲದ ಹಗ್ಗವನ್ನು ನಿಧಾನವಾಗಿ ಎಳೆದಾಗಿನದು. ಗಂಟು ಬಿದ್ದರೆ ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ಶಕ್ತಿ ಇಳಿಯಬಹುದು, ನೆನೆದ ನೈಲಾನ್ ಇನ್ನಷ್ಟು ಕಳೆದುಕೊಳ್ಳುತ್ತದೆ, ಬಿಸಿಲಲ್ಲಿ ಸವೆದದ್ದರ ಮಾತು ಬೇರೆ. ಆದ್ದರಿಂದ ತೂಗುವ ಭಾರಕ್ಕೆ ಹತ್ತನೆಯ ಒಂದು ಪಾಲನ್ನು, ಎಂದರೆ 25 ಕಿಲೋಗ್ರಾಂ ಅನ್ನು, ನಾನು ಮಿತಿಯಾಗಿ ಇಟ್ಟುಕೊಂಡಿದ್ದೇನೆ. ಮನುಷ್ಯರ ಭಾರವನ್ನು ಈ ಹಗ್ಗಕ್ಕೆ ಒಪ್ಪಿಸಲೇಬಾರದು. ಬಂಡೆ ಹತ್ತಲು, ಇಳಿಯಲು, ಮಕ್ಕಳಿಗೆ ಉಯ್ಯಾಲೆ ಕಟ್ಟಲು ಇದು ಸಲ್ಲದು. ಒಬ್ಬರ ತೂಕ 249 ಕಿಲೋಗ್ರಾಮಿಗಿಂತ ಕಡಿಮೆಯಲ್ಲವೇ ಎಂದು ಕೇಳುವವರು, ಒಂದೆರಡು ಅಡಿ ಜಾರಿ ಹಗ್ಗಕ್ಕೆ ಜಗ್ಗಿದಾಗ ಬೀಳುವ ಎಳೆತ ನಿಂತ ತೂಕದ ಎಷ್ಟೋ ಪಟ್ಟಾಗುವುದನ್ನು ಗಣಿಸಿರುವುದಿಲ್ಲ.

ಇನ್ನೊಂದು, ಹೆಚ್ಚು ಜನರಿಗೆ ಗೊತ್ತಿಲ್ಲದ ಅಪಾಯ: ನಿಂತ ನೈಲಾನ್ ಹಗ್ಗದ ಮೇಲೆ ಓಡುವ ನೈಲಾನ್ ಹಗ್ಗ ಉಜ್ಜಿದರೆ ಒಂದೇ ಜಾಗದಲ್ಲಿ ಹುಟ್ಟುವ ಶಾಖಕ್ಕೆ ನಿಂತ ಹಗ್ಗ ಕರಗಿ ತುಂಡಾಗುತ್ತದೆ. ಕೊಂಬೆಯ ಮೇಲಿಂದ ಚೀಲ ಎತ್ತುವಾಗ ಹಗ್ಗವನ್ನು ಇನ್ನೊಂದು ಹಗ್ಗದ ಕುಣಿಕೆಯಲ್ಲಿ ಓಡಿಸದೆ, ನಡುವೆ ಲೋಹದ ಕೊಂಡಿಯೊಂದನ್ನು ಹಾಕಿ.

ಮರಳಿ ಸುತ್ತಿ ಎತ್ತಿಡುವುದು

ಶಿಬಿರ ಬಿಚ್ಚುವ ಅವಸರದಲ್ಲಿ ಒದ್ದೆ ಹಗ್ಗವನ್ನೇ ಸುತ್ತಿಬಿಡುವುದು ಸಹಜ, ಅಲ್ಲಿ ಬೇರೆ ದಾರಿಯೂ ಇರುವುದಿಲ್ಲ. ಆದರೆ ಮನೆ ಮುಟ್ಟಿದ ದಿನವೇ ಅದನ್ನು ಪೂರ್ತಿ ಬಿಚ್ಚಬೇಕು. ಮಣ್ಣು ಹತ್ತಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ಸೌಮ್ಯವಾದ ಸೋಪಿನಿಂದ ತೊಳೆಯಿರಿ. ಹೊದಿಕೆಯೊಳಗೆ ಸೇರಿದ ಮರಳಿನ ಕಣ ಒಳಎಳೆಗಳನ್ನು ಮೆಲ್ಲಗೆ ಅರೆಯುತ್ತಿರುತ್ತದೆ. ಬ್ಲೀಚ್ ಹಾಕಬೇಡಿ. ನೈಲಾನಿಗೆ ಆಮ್ಲವೂ ಆಗದು, ಬ್ಯಾಟರಿಯ ಪಕ್ಕದಲ್ಲಿ ಹಗ್ಗ ಇಡುವವರು ಇದನ್ನು ನೆನಪಿಡಬೇಕು. ಒಣಗಿಸುವುದು ನೆರಳಿನಲ್ಲಿ, ಏಕೆಂದರೆ ಬಿಸಿಲಿನ ನೇರಳಾತೀತ ಕಿರಣಗಳು ನೈಲಾನನ್ನು ಬಲಗುಂದಿಸುತ್ತವೆ. ಬಣ್ಣ ಮಾಸಿ, ಮುಟ್ಟಿದರೆ ಒರಟಾಗಿ, ಬಾಗಿಸಿದರೆ ಸೆಟೆದು ನಿಲ್ಲುವ ಹಗ್ಗವನ್ನು ಭಾರದ ಕೆಲಸದಿಂದ ತೆಗೆದುಹಾಕಿ.

ಹಗ್ಗ ಒಣಗುವಷ್ಟರಲ್ಲಿ ಉಪಕರಣವನ್ನು ನೋಡಿಕೊಳ್ಳಬಹುದು. ಬ್ಲೇಡನ್ನು ಕಳಚಿ ಒರೆಸಿ, ತುಕ್ಕು ಹಿಡಿಯದಂತೆ ಒಂದು ಹನಿ ಎಣ್ಣೆ ಸವರಿ. ಎಣ್ಣೆ ಹಗ್ಗ ತಾಗುವ ಕಡೆಗೆ ಹರಿಯದಿರಲಿ. ಸೀಟಿಯಲ್ಲಿ ಮಣ್ಣು ಕೂತಿದೆಯೇ ಎಂದು ಊದಿ ನೋಡಿ. ಲೈಟರ್ ಹೊತ್ತುತ್ತದೆಯೇ, ಅನಿಲ ಎಷ್ಟಿದೆ ಎಂದು ಪರೀಕ್ಷಿಸಿ, ಮುಂದಿನ ಪ್ರಯಾಣದವರೆಗೆ ಬೇರೆಯಾಗಿ ಇಡಿ. ವಿಮಾನದಲ್ಲಿ ಹೋಗುವುದಿದ್ದರೆ ಬ್ಲೇಡ್ ಕೈಚೀಲದಲ್ಲಿ ಸಲ್ಲದು, ಲೈಟರ್ ಸರಕಿನ ಚೀಲದಲ್ಲಿ ಸಲ್ಲದು. ಎರಡನ್ನೂ ಹೊರಡುವ ಮುನ್ನವೇ ಕಳಚಿ, ಆಯಾ ಸಂಸ್ಥೆಯ ನಿಯಮ ನೋಡಿಕೊಳ್ಳಿ.

ಮತ್ತೆ ಸುತ್ತುವಾಗ ಹಿಂದಿನ ಸಲ ಒಳಗಿದ್ದ ತುದಿಯನ್ನು ಈ ಸಲ ಹೊರಗೆ ಬರುವಂತೆ ಸುತ್ತಿ. ಹೊರಗಿನ ಐದಾರು ಮೀಟರ್ ಮಾತ್ರ ಪ್ರತಿ ಸಲವೂ ಬಿಸಿಲು, ಗಂಟು, ಉಜ್ಜುವಿಕೆಗಳಿಗೆ ಸಿಕ್ಕಿ ಸವೆಯುವುದನ್ನು ಇದು ತಪ್ಪಿಸುತ್ತದೆ. ಸುತ್ತಿದ ಮೇಲೆ ಉಳಿದ ಉದ್ದವನ್ನು ಒಂದು ಚೂರು ಟೇಪಿನ ಮೇಲೆ ಬರೆದು ದಿಂಡಿನ ಒಳಮೈಗೆ ಅಂಟಿಸಿ. ಕತ್ತರಿಸಿದಾಗಲೆಲ್ಲ ಆ ಸಂಖ್ಯೆಯನ್ನು ತಿದ್ದಿ.